ಚಿಕ್ಕ ಕಾರಿನ ಬ್ಯಾಟರಿ ಬದಲಾಯಿಸುವ ಖರ್ಚು: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

"ಚಿಕ್ಕ ಕಾರಿಗೆ ಹೊಸ ಬ್ಯಾಟರಿ ಹಾಕಿಸೋಕೆ ಎಷ್ಟಾಗುತ್ತೆ?" ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಒಂದು ಅಂಕಿ ಹೇಳಿ ಮುಗಿಸೋಣ ಅಂದರೆ ಆಗುವುದಿಲ್ಲ. ಒಂದೇ ಕಾರಿಗೆ ಸರಿಯಾಗಿ ಕೂರುವ ಎರಡು ಬ್ಯಾಟರಿಗಳ ಬೆಲೆಯಲ್ಲೇ ತುಂಬಾ ವ್ಯತ್ಯಾಸ ಇರುತ್ತದೆ. ಕಡಿಮೆ ಬೆಲೆಯದು ಕೊನೆಗೆ ದುಬಾರಿ ಬೀಳುವುದೂ ಉಂಟು. ಇನ್ನೊಂದು ಮಾತು, ಇದು ಬೆಲೆಗಿಂತಲೂ ಮುಖ್ಯ. ಕಾರು ಸ್ಟಾರ್ಟ್ ಆಗಲಿಲ್ಲ ಎಂದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದಲ್ಲ. ತಪ್ಪು ಕಾರಣಕ್ಕೆ ಕೊಂಡ ಬ್ಯಾಟರಿಗಿಂತ ದುಬಾರಿ ಬ್ಯಾಟರಿ ಬೇರೆ ಇಲ್ಲ.

ಹಾಗಾಗಿ ಈ ಲೇಖನದಲ್ಲಿ ಪರೀಕ್ಷೆ ಮೊದಲು, ಬೆಲೆ ಆಮೇಲೆ. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬಾನೆಟ್ ಕೆಳಗಿರುವ 12 ವೋಲ್ಟಿನ ಬ್ಯಾಟರಿಯ ಬಗ್ಗೆ. ಎಲೆಕ್ಟ್ರಿಕ್ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಲೆಕ್ಕವೇ ಬೇರೆ, ಅದನ್ನು ಮನೆಯಲ್ಲಿ ಮುಟ್ಟುವ ಹಾಗೂ ಇಲ್ಲ.

ಏನೇನು ಬೇಕು?

ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ವೋಲ್ಟೇಜ್ ತೋರಿಸುವ ಚಿಕ್ಕ ಮೀಟರ್ ಇದು, ಅಗ್ಗದ್ದೇ ಸಾಕು. ಬ್ಯಾಟರಿ ನೀವೇ ಬಿಚ್ಚುವುದಾದರೆ ಸ್ಪ್ಯಾನರ್ ಬೇಕು, ಹೆಚ್ಚಿನ ಚಿಕ್ಕ ಕಾರುಗಳಿಗೆ 10 ಎಂಎಂ ಅಳತೆಯದು. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ತಂತಿ ಬ್ರಷ್, ಅಡುಗೆ ಸೋಡಾ, ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಜೊತೆಗಿರಲಿ. ಕಾರಿನ ಜೊತೆ ಬಂದ ಕೈಪಿಡಿಯನ್ನೂ ಹುಡುಕಿ ಇಟ್ಟುಕೊಳ್ಳಿ.

ಹಂತ 1: ಬ್ಯಾಟರಿಯೇ ಕೆಟ್ಟಿದೆಯಾ, ಬೇರೇನಾದರೂ ಇದೆಯಾ?

ಮೊದಲು ಕಣ್ಣಿಂದ ನೋಡಿ. ಬಾನೆಟ್ ತೆಗೆದು ಟರ್ಮಿನಲ್‌ಗಳ ಹತ್ತಿರ ಬಗ್ಗಿ ನೋಡಿ. ಟರ್ಮಿನಲ್ ಎಂದರೆ ಬ್ಯಾಟರಿ ಮೇಲಿನ ಸೀಸದ ಎರಡು ಕಂಬಗಳು, ವೈರಿನ ಕ್ಲ್ಯಾಂಪ್ ಕೂರುವ ಜಾಗ. ಅಲ್ಲಿ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದೆಯಾ? ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗಾಡುತ್ತದೆಯಾ? ಅಲುಗಾಡಿದರೆ ನಿಮ್ಮ ತೊಂದರೆ ಅಲ್ಲೇ ಇರಬಹುದು. ಸ್ಟಾರ್ಟರ್ ಮೋಟರ್ ಸೆಲ್ಫ್ ಹೊಡೆಯುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಪುಡಿ ಕಟ್ಟಿದ ಕ್ಲ್ಯಾಂಪ್ ಮೂಲಕ ಅಷ್ಟು ಕರೆಂಟ್ ಹರಿಯುವುದಿಲ್ಲ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಆದರೆ ಸೆಲ್ಫ್ ಹೊಡೆದರೆ ಬರೀ "ಟಕ್" ಅನ್ನುತ್ತದೆ. ಎಷ್ಟೋ ಜನ ಇಷ್ಟಕ್ಕೇ ಬ್ಯಾಟರಿ ಹೋಯ್ತು ಅಂದುಕೊಂಡುಬಿಡುತ್ತಾರೆ. ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ ಇನ್ನೊಮ್ಮೆ ನೋಡಿ. ಬಿಚ್ಚುವ ಸರಿಯಾದ ಕ್ರಮ ಹಂತ 4ರಲ್ಲಿದೆ, ಅದನ್ನು ಓದದೆ ಸ್ಪ್ಯಾನರ್ ಹಾಕಬೇಡಿ.

ಆಮೇಲೆ ಮೀಟರ್ ಹಿಡಿಯಿರಿ. ಕಾರು ನಿಲ್ಲಿಸಿ ಕೆಲವು ಗಂಟೆ ಆಗಿರಬೇಕು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿದರೆ ಇನ್ನೂ ಒಳ್ಳೆಯದು. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ತಾಗಿಸಿ.

12.6 ಅಥವಾ ಅದಕ್ಕಿಂತ ಮೇಲೆ ಬಂದರೆ ಪೂರ್ತಿ ಚಾರ್ಜ್ ಇದೆ. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಸುಮಾರು ಅರ್ಧ. 12.0ಕ್ಕೆ ಇಳಿದಿದ್ದರೆ ಕಾಲು ಭಾಗ ಉಳಿದಿದೆ ಅಷ್ಟೆ. ಇಡೀ ಆಟ ನಡೆಯುವುದು ಒಂದು ವೋಲ್ಟಿನೊಳಗೆ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿ ಇದೆ" ಎನ್ನುವುದು ತುಂಬಾ ಜನ ಮಾಡುವ ತಪ್ಪು. ಒಳಗೆ ಆರು ಸೆಲ್‌ಗಳಿವೆ, ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೋಗ್ಯವಾಗಿರುವ ಬ್ಯಾಟರಿ 12.6 ತೋರಿಸುವುದು ಅದಕ್ಕೇ.

ಇನ್ನು ನಿಜವಾದ ಪರೀಕ್ಷೆ. ಮೀಟರ್ ಕಡ್ಡಿ ಹಾಗೇ ಹಿಡಿದಿರಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಅಂಕಿ ಜಾರುತ್ತದೆ. ಹತ್ತರ ಆಸುಪಾಸಿನಲ್ಲಿ ನಿಂತು, ಎಂಜಿನ್ ಹತ್ತಿಕೊಂಡ ತಕ್ಷಣ ಮೇಲೆ ಏರಿದರೆ ಚಿಂತೆ ಇಲ್ಲ. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ ಎಂದು ತಿಳಿಯಿರಿ. ಚಳಿ ಜಾಸ್ತಿ ಇದ್ದಾಗ ಇನ್ನೂ ಸ್ವಲ್ಪ ಕೆಳಗಿಳಿಯುವುದು ಸಹಜ.

ಎಂಜಿನ್ ಓಡುತ್ತಿರುವಾಗ ಮತ್ತೊಮ್ಮೆ ನೋಡಿ. ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಇದು ಆಲ್ಟರ್ನೇಟರ್ ಕೊಡುವ ವೋಲ್ಟೇಜ್. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಯಂತ್ರ ಅದು. ಓಡುತ್ತಿರುವ ಎಂಜಿನ್ನಿನಲ್ಲೂ 12.3, 12.4 ಮಾತ್ರ ಬರುತ್ತಾ, ಇಳಿಯುತ್ತಲೇ ಹೋದರೆ ತಪ್ಪು ಬ್ಯಾಟರಿಯದ್ದಲ್ಲ. ಹೊಸದು ಹಾಕಿದರೂ ಒಂದೆರಡು ದಿನದಲ್ಲಿ ಅದೂ ಡೌನ್ ಆಗುತ್ತದೆ. 15 ದಾಟುತ್ತಿದ್ದರೆ ಅದೂ ಕೆಟ್ಟದ್ದೇ, ಬ್ಯಾಟರಿ ಒಳಗಿನ ನೀರು ಬೇಗ ಆರಿಹೋಗುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಮಾತ್ರ ಕಂಪ್ಯೂಟರೇ ಈ ವೋಲ್ಟೇಜನ್ನು ಬೇಕೆಂದೇ ಏರಿಳಿಸುತ್ತದೆ. ಅಂಥ ಕಾರಿನಲ್ಲಿ ಒಂದು ಸಲದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ, ಹೆಡ್‌ಲೈಟ್, ಫ್ಯಾನ್ ಹಾಕಿ ಸ್ವಲ್ಪ ಹೊತ್ತು ಗಮನಿಸಿ.

ಎಚ್ಚರಿಕೆ: ಆಲ್ಟರ್ನೇಟರ್ ಪರೀಕ್ಷೆ ಮಾಡ್ತೀನಿ ಅಂತ ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ವೈರ್ ಕಳಚುವ ಹಳೇ ಪದ್ಧತಿ ಇದೆ. ಯಾರು ಹೇಳಿದರೂ ಹಾಗೆ ಮಾಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು. ಅದರ ಮುಂದೆ ಬ್ಯಾಟರಿ ಖರ್ಚು ಏನೂ ಅಲ್ಲ.

ಲೈಟ್ ಆರಿಸಲು ಮರೆತು ಡೌನ್ ಆದ ಬ್ಯಾಟರಿಯನ್ನು ತಕ್ಷಣ ಎಸೆಯಬೇಡಿ. ಚಾರ್ಜರ್‌ನಲ್ಲಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆಯಿರಿ. 12.6 ನಿಂತರೆ ಬದುಕಿದೆ. ಚಾರ್ಜ್ ಮಾಡಿದ ಮರುದಿನವೇ 12.2ಕ್ಕೆ ಇಳಿದರೆ ಬದಲಾಯಿಸಲೇಬೇಕು. ಡೌನ್ ಆದದ್ದನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಬರುವುದಿಲ್ಲ.

ಬ್ಯಾಟರಿ ಮೇಲೆ ಬಣ್ಣ ತೋರಿಸುವ ಚಿಕ್ಕ ಗಾಜಿನ ಕಣ್ಣು ಇರುತ್ತದಲ್ಲ, ಅದನ್ನು ಪೂರ್ತಿ ನಂಬಬೇಡಿ. ಅದು ಆರರಲ್ಲಿ ಒಂದೇ ಸೆಲ್ಲಿನ ಸ್ಥಿತಿ ಹೇಳುತ್ತದೆ. ಹಸಿರು ಕಾಣುತ್ತಿದ್ದಾಗಲೂ ಬೇರೆ ಸೆಲ್ ಸತ್ತಿರಬಹುದು.

ಎಲ್ಲ ಸರಿ ಇದ್ದೂ ಎರಡು ಮೂರು ದಿನ ನಿಲ್ಲಿಸಿದರೆ ಡೌನ್ ಆಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಬೀಗ ಹಾಕಿ ನಿಂತ ಕಾರೂ ಗಡಿಯಾರ, ಅಲಾರಂ ಎಂದು ಸ್ವಲ್ಪ ಕರೆಂಟ್ ಎಳೆಯುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. ಅಷ್ಟಕ್ಕೇ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚಾಗುತ್ತದೆ, 35 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ. ಡಿಕ್ಕಿಯ ಲೈಟೋ, ಹೊರಗಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮೋ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ಎರಡು ಮೂರು ದಿನ ಸಾಕು. ಇದನ್ನು ಸರಿ ಮಾಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಹಾಗೇ ಹೋಗುತ್ತದೆ.

ಹಂತ 2: ನಿಮ್ಮ ಕಾರಿಗೆ ಯಾವುದು ಬೇಕು ಎಂದು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಹಳೇ ಬ್ಯಾಟರಿಯ ಲೇಬಲ್ ಫೋಟೋ ತೆಗೆದುಕೊಳ್ಳಿ. ಕೈಪಿಡಿಯಲ್ಲಿ ಏನಿದೆ ಎಂದೂ ನೋಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನವರು ತಪ್ಪು ಬ್ಯಾಟರಿ ಹಾಕಿಸಿರಬಹುದು, ಕೈಪಿಡಿಯ ಮಾತೇ ಕೊನೆ.

ಲೇಬಲ್ ಮೇಲೆ 38ಬಿ20ಎಲ್ ತರಹದ ಸಂಕೇತ ಇದ್ದರೆ ಅದು ಜಪಾನಿನ ಪದ್ಧತಿ. 38 ಎಂಬುದು ಸಾಮರ್ಥ್ಯದ ದರ್ಜೆ. ಬಿ ಅಗಲ-ಎತ್ತರದ ಗುಂಪು. 20 ಎಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಎಂದು ಹೇಳುತ್ತದೆ. ಆ ಒಂದು ಅಕ್ಷರ ತಪ್ಪಿದರೆ ಬ್ಯಾಟರಿ ಜಾಗಕ್ಕೆ ಸರಿಯಾಗಿ ಕೂತರೂ ವೈರ್ ಮುಟ್ಟುವುದಿಲ್ಲ. ವೈರ್ ಎಳೆದು ಹೇಗೋ ಸೇರಿಸುವ ಸಾಹಸ ಬೇಡ, ಪ್ಲಸ್ ಮೈನಸ್ ಅದಲುಬದಲಾಗುವ ಅಪಾಯ ಇರುವುದೇ ಅಲ್ಲಿ. ಟರ್ಮಿನಲ್ ಕಂಬಗಳಲ್ಲೂ ತೆಳು, ದಪ್ಪ ಎಂದಿವೆ. ದಪ್ಪ ಕಂಬದ ಕ್ಲ್ಯಾಂಪನ್ನು ತೆಳು ಕಂಬಕ್ಕೆ ಹಾಕಿದರೆ ಎಷ್ಟು ಬಿಗಿ ಮಾಡಿದರೂ ಸಡಿಲವೇ.

ಎರಡು ಅಳತೆಗಳನ್ನು ಅರ್ಥ ಮಾಡಿಕೊಂಡರೆ ಸಾಕು. ಆಂಪಿಯರ್-ಅವರ್, ಚಿಕ್ಕದಾಗಿ ಎಎಚ್, ಎಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ತುಂಬಿಡಬಹುದು ಎಂಬ ಲೆಕ್ಕ. 44 ಎಎಚ್ ಬ್ಯಾಟರಿ 2.2 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು. ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 35ರಿಂದ 45ರ ಆಸುಪಾಸು ಇರುತ್ತದೆ, ಡೀಸೆಲ್ ಎಂಜಿನ್ನಿಗೆ ಇನ್ನೂ ಜಾಸ್ತಿ. ಸಿಸಿಎ ಎಂಬುದು ಸೆಲ್ಫ್ ಹೊಡೆಯುವ ಜೋರು. ಮೈನಸ್ 18 ಡಿಗ್ರಿ ಚಳಿಯಲ್ಲಿ, ವೋಲ್ಟೇಜ್ 7.2ಕ್ಕಿಂತ ಕೆಳಗೆ ಬೀಳದೆ, 30 ಸೆಕೆಂಡ್ ಕೊಡಬಲ್ಲ ಕರೆಂಟ್ ಅದು. ಎರಡೂ ಅಂಕಿ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಸ್ವಲ್ಪ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಆದರೆ ಸುಮ್ನೆ ದೊಡ್ಡದಕ್ಕೆ ದುಡ್ಡು ಸುರಿಯುವುದರಿಂದ ಲಾಭವೂ ಇಲ್ಲ.

ಬಗೆ ಯಾವುದು ಎನ್ನುವುದೇ ಬೆಲೆಯನ್ನು ಜಾಸ್ತಿ ಏರಿಸುವುದು. ಮಾಮೂಲಿ ಆಸಿಡ್ ಬ್ಯಾಟರಿ ಅಗ್ಗ. ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ಆರಿ ಮತ್ತೆ ಹತ್ತಿಕೊಳ್ಳುವ ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆ ಬೇಕು. ಇಎಫ್‌ಬಿ ಮಾಮೂಲಿ ಬ್ಯಾಟರಿಯದ್ದೇ ಗಟ್ಟಿಮುಟ್ಟು ರೂಪ. ಎಜಿಎಂನಲ್ಲಿ ಆಸಿಡ್ ನೀರಾಗಿ ಓಡಾಡುವುದಿಲ್ಲ, ಗಾಜಿನ ನಾರಿನ ಹಾಳೆ ಅದನ್ನು ಹೀರಿ ಹಿಡಿದಿರುತ್ತದೆ. ಎರಡೂ ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆದರೂ ತಡೆಯುತ್ತವೆ. ಬೆಲೆಯೂ ಹಾಗೇ ಇದೆ, ಎಜಿಎಂ ಎಲ್ಲಕ್ಕಿಂತ ಜಾಸ್ತಿ. ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಉಳಿತಾಯ ಎಂದು ಮಾಮೂಲಿ ಬ್ಯಾಟರಿ ಹಾಕಿಸಿದರೆ ಅದು ಬೇಗ ಸೋಲುತ್ತದೆ. ಆ ಸೌಲಭ್ಯ ಇಲ್ಲದ ಹಳೇ ಕಾರಿಗೆ ಎಜಿಎಂ ಹಾಕಿಸುವುದೂ ಬೇಕಿಲ್ಲದ ಖರ್ಚೇ.

ಹಂತ 3: ಬೆಲೆ ಕೇಳುವ ಸರಿಯಾದ ರೀತಿ

"ಎಷ್ಟು?" ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. ಅದರಲ್ಲಿ ಏನು ಸೇರಿದೆ ಎಂದು ಗೊತ್ತಾಗುವುದಿಲ್ಲ. ಬ್ಯಾಟರಿಯ ಬೆಲೆ, ತೆರಿಗೆ, ಹಾಕುವ ಕೂಲಿ, ಮನೆಗೆ ಬಂದು ಹಾಕಿಕೊಟ್ಟರೆ ಅದರ ಖರ್ಚು, ಹಳೇ ಬ್ಯಾಟರಿಗೆ ಕಡಿತ. ಇವನ್ನು ಬಿಡಿಬಿಡಿಯಾಗಿ ಕೇಳಿ. ಕನಿಷ್ಠ ಎರಡು ಮೂರು ಕಡೆ ಒಂದೇ ಮಾಡೆಲ್ ನಂಬರ್ ಹೇಳಿ ವಿಚಾರಿಸಿ. ಮಾಡೆಲ್ ಬೇರೆ ಬೇರೆ ಆದರೆ ಹೋಲಿಕೆಗೆ ಅರ್ಥವೇ ಇಲ್ಲ.

ಹಳೇ ಬ್ಯಾಟರಿಯನ್ನು ಪುಕ್ಕಟೆ ಬಿಟ್ಟು ಬರಬೇಡಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಕರಗಿಸಿ ಮತ್ತೆ ಬಳಸುತ್ತಾರೆ, ಹಾಗಾಗಿ ಸತ್ತ ಬ್ಯಾಟರಿಗೂ ಬೆಲೆ ಇದೆ. ಹೇಳಿದ ಬೆಲೆ ಹಳೆಯದನ್ನು ಕೊಟ್ಟ ಮೇಲಿನದೋ, ಕೊಡದೇ ಇದ್ದರೆ ಆಗುವುದೋ ಎಂದು ಕೇಳುವುದನ್ನು ಮರೆಯಬೇಡಿ. ಫೋನಿನಲ್ಲಿ ಕಡಿಮೆ ಅನ್ನಿಸಿದ್ದು ಕೌಂಟರಿನಲ್ಲಿ ಜಾಸ್ತಿ ಆಗುವುದು ಹೆಚ್ಚಾಗಿ ಇದರಿಂದಲೇ.

ಈಗ ವಾರಂಟಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ.

ಡಬ್ಬದ ಮೇಲೆ ದೊಡ್ಡದಾಗಿ "36 ತಿಂಗಳು" ಎಂದಿರುತ್ತದೆ. ಚಿಕ್ಕ ಅಕ್ಷರದಲ್ಲಿ ಅದು ಎರಡು ಭಾಗವಾಗಿರಬಹುದು. ಮೊದಲ 18 ತಿಂಗಳಲ್ಲಿ ಕೆಟ್ಟರೆ ಹೊಸದು ಉಚಿತ. ಉಳಿದ 18 ತಿಂಗಳು ಪ್ರೊ-ರೇಟಾ, ಅಂದರೆ ಹೊಸ ಬ್ಯಾಟರಿ ಕೊಂಡಾಗ ಒಂದಿಷ್ಟು ರಿಯಾಯಿತಿ ಮಾತ್ರ. ದಿನ ಕಳೆದಷ್ಟೂ ರಿಯಾಯಿತಿ ಕಡಿಮೆಯಾಗುತ್ತದೆ.

ಆ ರಿಯಾಯಿತಿ ಯಾವ ಬೆಲೆಯ ಮೇಲೆ? ಹೆಚ್ಚಾಗಿ ಕಂಪನಿಯ ಪಟ್ಟಿ ಬೆಲೆಯ ಮೇಲೆ. ಅಂಗಡಿಯವರು ಎಲ್ಲರಿಗೂ ಮಾರುವ ಬೆಲೆ ಅದಕ್ಕಿಂತ ಕಡಿಮೆ ಇರುತ್ತದೆ. ಪಟ್ಟಿ ಬೆಲೆ 130, ಅಂಗಡಿ ಬೆಲೆ 100 ಎಂದಿಟ್ಟುಕೊಳ್ಳಿ. 130ರ ಮೇಲೆ ಶೇಕಡ 20 ರಿಯಾಯಿತಿ ಕೊಟ್ಟರೆ 104 ಆಯಿತು. ವಾರಂಟಿ ಬಳಸಿಕೊಂಡವರು ಸುಮ್ನೆ ಹೊಸದು ಕೊಂಡವರಿಗಿಂತ ಜಾಸ್ತಿ ಕೊಟ್ಟ ಹಾಗಾಯಿತು, ಅಲ್ವಾ? ಹಾಗಾಗಿ ಹೋಲಿಸುವಾಗ ಉಚಿತವಾಗಿ ಬದಲಾಯಿಸಿಕೊಡುವ ತಿಂಗಳುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆಕ್ಕ ಸುಲಭ. ಬೆಲೆಯನ್ನು ಆ ತಿಂಗಳುಗಳಿಂದ ಭಾಗಿಸಿ. ಒಂದರ ಬೆಲೆ 100, ಉಚಿತ ಬದಲಾವಣೆ 18 ತಿಂಗಳು. ತಿಂಗಳಿಗೆ ಸುಮಾರು 5.6 ಬಿತ್ತು. ಇನ್ನೊಂದರ ಬೆಲೆ 130, ಉಚಿತ ಬದಲಾವಣೆ 30 ತಿಂಗಳು. ತಿಂಗಳಿಗೆ 4.3. ದುಬಾರಿ ಕಂಡದ್ದೇ ಇಲ್ಲಿ ಅಗ್ಗ. ಆದರೆ ಒಂದು ವರ್ಷದಲ್ಲಿ ಕಾರು ಮಾರುವ ಯೋಚನೆ ಇದ್ದರೆ ಮೊದಲನೆಯದೇ ಸಾಕು.

ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಸೆಕೆ ಜಾಸ್ತಿ ಇರುವ ಕಡೆ ಕಡಿಮೆ. ಚಳಿಯಲ್ಲಿ ಬ್ಯಾಟರಿ ಕೈಕೊಡುವುದು ಕಣ್ಣಿಗೆ ಕಾಣುತ್ತದೆ, ಆದರೆ ಅದನ್ನು ಒಳಗಿಂದ ಸವೆಸಿದ್ದು ಹೆಚ್ಚಾಗಿ ಬಿಸಿಲೇ. ದಿನಾ ಹತ್ತು ನಿಮಿಷವಷ್ಟೇ ಓಡಿಸುವ ಕಾರಿನಲ್ಲೂ ಬೇಗ ಹೋಗುತ್ತದೆ, ಸೆಲ್ಫ್‌ಗೆ ಖರ್ಚಾದದ್ದು ತುಂಬಿಕೊಳ್ಳುವಷ್ಟು ಹೊತ್ತು ಎಂಜಿನ್ ಓಡುವುದೇ ಇಲ್ಲ.

ದುಡ್ಡು ಕೊಡುವ ಮುಂಚೆ ಕೌಂಟರಿನಲ್ಲೇ ಮೂರು ಕೆಲಸ. ತಯಾರಾದ ದಿನಾಂಕ ನೋಡಿ. ಅದು ಸಂಕೇತದಲ್ಲಿದ್ದರೆ ಓದಿ ಹೇಳಲು ಕೇಳಿ. ಮೂರು ತಿಂಗಳ ಒಳಗಿನದು ಒಳ್ಳೆಯದು, ಆರು ತಿಂಗಳು ದಾಟಿದ್ದು ಬೇಡ ಎನ್ನಿ. ಕಪಾಟಿನಲ್ಲಿ ಕೂತ ಬ್ಯಾಟರಿಯೂ ತಾನಾಗಿ ಇಳಿಯುತ್ತಿರುತ್ತದೆ. ಮೀಟರ್ ಹಿಡಿಸಿ ನೋಡಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ತೆಗೆಸಿ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡಿಗೆ ದಿನಾಂಕ, ಸೀಲು ಹಾಕಿಸಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡ್ತೀವಿ ಅಂದರೆ ಒಪ್ಪಬೇಡಿ. ನೀವು ಕೊಂಡ ವಸ್ತುವಿನ ಬೆಲೆಯಲ್ಲಿ ವಾರಂಟಿಯದ್ದೂ ಒಂದು ಪಾಲಿದೆ.

ಹಂತ 4: ನೀವೇ ಹಾಕುವುದಾದರೆ

ಎಷ್ಟೋ ಕಡೆ ಬ್ಯಾಟರಿ ಕೊಂಡರೆ ಕೂಲಿ ಇಲ್ಲದೆ ಹಾಕಿಕೊಡುತ್ತಾರೆ. ಹಾಗಿದ್ದರೆ ಅವರಿಂದಲೇ ಹಾಕಿಸಿ. ಬ್ಯಾಟರಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇದ್ದರೆ, ಅಥವಾ ಮೈನಸ್ ಕ್ಲ್ಯಾಂಪ್ ಮೇಲೆ ವೈರ್ ಬಂದ ಚಿಕ್ಕ ಡಬ್ಬಿಯಂಥ ಸೆನ್ಸರ್ ಕಂಡರೆ, ಕೈಪಿಡಿ ನೋಡದೆ ಮುಟ್ಟಬೇಡಿ. ಅಂಥ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಸ್ಕ್ಯಾನರ್‌ನಿಂದ ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆ. ಅದರ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ. ಉಳಿದ ಸಾಮಾನ್ಯ ಚಿಕ್ಕ ಕಾರುಗಳಲ್ಲಿ ಇದು ಅರ್ಧ ಗಂಟೆಯ ಕೆಲಸ.

1. ಎಂಜಿನ್ ಆರಿಸಿ, ಲೈಟು, ಫ್ಯಾನು ಎಲ್ಲ ಬಂದ್ ಮಾಡಿ. ಕೀ ಜೇಬಿನಲ್ಲಿರಲಿ, ಬಾಗಿಲು ತೆರೆದಿರಲಿ. ಕರೆಂಟ್ ಹೋದ ಮೇಲೆ ಕೀ ಒಳಗಿದ್ದು ಬಾಗಿಲು ಲಾಕ್ ಆದರೆ ಬೇರೆಯದೇ ಗೋಳು. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.

2. ಉಂಗುರ, ವಾಚು, ಬಳೆ ತೆಗೆದಿಡಿ. ಹತ್ತಿರ ಬೆಂಕಿ, ಬೀಡಿ ಸಿಗರೇಟು ಬೇಡವೇ ಬೇಡ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರುತ್ತದೆ, ಒಂದು ಕಿಡಿ ತಾಗಿದರೂ ಸಿಡಿಯಬಹುದು. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ.

3. ಮೊದಲು ಮೈನಸ್ ಕಳಚಿ. ಆಮೇಲೆ ಪ್ಲಸ್. ಈ ಕ್ರಮ ಯಾವತ್ತೂ ತಪ್ಪಬಾರದು. ಕಾರಿನ ಬಾಡಿಯೆಲ್ಲ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ನೇರ ಶಾರ್ಟ್. ಸ್ಪ್ಯಾನರ್ ಕೆಂಪಗೆ ಕಾದು ಅಂಟಿಕೊಳ್ಳುವಷ್ಟು ಕರೆಂಟ್ ಹರಿಯುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ.

4. ಬ್ಯಾಟರಿ ಹಿಡಿದಿರುವ ಪಟ್ಟಿ ಬಿಚ್ಚಿ, ನೇರವಾಗಿ ಮೇಲೆತ್ತಿ. ಚಿಕ್ಕದಾಗಿ ಕಂಡರೂ ಹತ್ತು ಕಿಲೋ ಆಸುಪಾಸು ಇರುತ್ತದೆ. ಓರೆ ಮಾಡಬೇಡಿ, ಆಸಿಡ್ ಸುರಿಯಬಹುದು. ಚರ್ಮಕ್ಕೆ ಅಥವಾ ಕಣ್ಣಿಗೆ ತಾಗಿದರೆ ತಕ್ಷಣ ತುಂಬಾ ನೀರಿನಲ್ಲಿ ತೊಳೆಯುತ್ತಲೇ ಇರಿ. ಕಣ್ಣಿಗಾದರೆ ಡಾಕ್ಟರ ಹತ್ತಿರ ಹೋಗಲೇಬೇಕು.

5. ತಟ್ಟೆ ಮತ್ತು ಕ್ಲ್ಯಾಂಪ್‌ಗಳನ್ನು ಶುಚಿ ಮಾಡಿ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಾಕಿದರೆ ಬುರುಬುರು ನೊರೆ ಬರುತ್ತದೆ, ಆಸಿಡ್ ಸಾಯುತ್ತಿದೆ ಎಂದರ್ಥ. ನೊರೆ ನಿಂತ ಮೇಲೆ ನೀರಿನಿಂದ ತೊಳೆದು ಒರೆಸಿ. ಕ್ಲ್ಯಾಂಪಿನ ಒಳಮೈ ಹೊಳೆಯುವ ತನಕ ತಂತಿ ಬ್ರಷ್‌ನಲ್ಲಿ ಉಜ್ಜಿ.

6. ಹೊಸ ಬ್ಯಾಟರಿ ಇಟ್ಟು, ಹಿಡಿಯುವ ಪಟ್ಟಿಯನ್ನು ಬಿಗಿ ಮಾಡಿ. ಇದನ್ನು ಎಷ್ಟೋ ಜನ ಉದಾಸೀನ ಮಾಡುತ್ತಾರೆ. ಪಟ್ಟಿ ಸಡಿಲವಾದರೆ ಪ್ರತಿ ಹಳ್ಳದಲ್ಲೂ ಬ್ಯಾಟರಿ ಕುಲುಕುತ್ತದೆ, ಒಳಗಿನ ಪ್ಲೇಟುಗಳಿಂದ ಪುಡಿ ಉದುರಿ ಆಯಸ್ಸು ಕಡಿಮೆಯಾಗುತ್ತದೆ.

7. ಈಗ ಮೊದಲು ಪ್ಲಸ್, ಕೊನೆಗೆ ಮೈನಸ್. ಸೇರಿಸುವ ಮುಂಚೆ ಗುರುತನ್ನು ಎರಡು ಸಲ ಓದಿ. ಅದಲುಬದಲಾದರೆ ಫ್ಯೂಸ್ ಹೋಗಿ ನಿಂತರೆ ಪುಣ್ಯ, ಆಲ್ಟರ್ನೇಟರ್, ಕಂಪ್ಯೂಟರ್ ಎರಡೂ ಹೋಗಬಹುದು. ಕ್ಲ್ಯಾಂಪ್ ಕೈಯಿಂದ ಅಲುಗಾಡದಷ್ಟು ಬಿಗಿ ಸಾಕು. ಸೀಸ ಮೆತ್ತಗಿನ ಲೋಹ, ಜಾಸ್ತಿ ತಿರುಗಿಸಿದರೆ ಕಂಬವೇ ಹಾಳಾಗುತ್ತದೆ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಹಂತ 5: ಹಾಕಿದ ಮೇಲೆ

ಸ್ಟಾರ್ಟ್ ಮಾಡಿ, ಓಡುವ ಎಂಜಿನ್ನಿನಲ್ಲಿ ವೋಲ್ಟೇಜ್ ಇನ್ನೊಮ್ಮೆ ನೋಡಿ. ಹಂತ 1ರಲ್ಲಿ ಹೇಳಿದ ಅಂಕಿಯೇ ಬರಬೇಕು. ಗಡಿಯಾರ, ರೇಡಿಯೋ ಮತ್ತೆ ಹೊಂದಿಸಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಪವರ್ ವಿಂಡೋ ಒಂದೇ ಒತ್ತಿಗೆ ಪೂರ್ತಿ ಏರುವುದನ್ನು ಮರೆತಿರುತ್ತದೆ, ಕೈಪಿಡಿಯಲ್ಲಿ ಮತ್ತೆ ಕಲಿಸುವ ವಿಧಾನ ಇರುತ್ತದೆ. ಎಂಜಿನ್ ಒಂದೆರಡು ದಿನ ಐಡ್ಲಿಂಗ್‌ನಲ್ಲಿ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ, ಓಡಿಸುತ್ತಾ ಸರಿಹೋಗುತ್ತದೆ.

ನೀರು ತುಂಬುವ ಮುಚ್ಚಳ ಇರುವ ಬ್ಯಾಟರಿಯಾದರೆ ಕೆಲವು ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಪ್ರಯೋಜನ ಇಲ್ಲ, ಸೆಲ್ಫ್‌ಗೆ ಹೋದದ್ದೇ ವಾಪಸ್ ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ ಮೈನಸ್ ಕಳಚಿಡಿ.

ಹಳೇ ಬ್ಯಾಟರಿಯನ್ನು ಅಂಗಡಿಗೆ ಕೊಟ್ಟಿರದಿದ್ದರೆ ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಬೇಡಿ, ಕಸಕ್ಕೂ ಹಾಕಬೇಡಿ. ಒಳಗಿನ ಸೀಸ ವಿಷ, ಮಕ್ಕಳಿಗೆ ಇನ್ನೂ ಅಪಾಯ. ಅದನ್ನು ಒಡೆದು ಸೀಸ ತೆಗೆಯುವವರ ಕೈಗೂ ಕೊಡಬೇಡಿ. ನೇರವಾಗಿ ನಿಲ್ಲಿಸಿ ಸಾಗಿಸಿ, ಬ್ಯಾಟರಿ ಮಾರುವವರಿಗೆ ಅಥವಾ ಪರವಾನಗಿ ಇರುವ ಮರುಬಳಕೆ ಕೇಂದ್ರಕ್ಕೆ ಕೊಟ್ಟು ರಸೀದಿ ತೆಗೆದುಕೊಳ್ಳಿ.